ಭಾನುವಾರ ಬಿಟ್ಟು ಹದಿನೈದು ದಿನ

ಅಕ್ಟೋಬರ್ 15, ಬುಧವಾರ

ಅರವತ್ತಮೂರು ವರ್ಷಕ್ಕೆ ಮೊದಲ ಸಲ ಕೋರ್ಟು ಮೆಟ್ಟಿಲು ಹತ್ತಿ ಬಂದೆ. ಹೆದರಿಕೆ ಏನೂ ಆಗಲಿಲ್ಲ, ಸೆಖೆ ಆಯಿತು. ಕರಿಕೋಟಿನವರು ಅದು ಹೇಗೆ ಸಹಿಸುತ್ತಾರೋ.

ದಾವೆ ಹಾಕಿರುವುದು ಪಕ್ಕದ ಸೈಟಿನ ಮುನಿನಾರಾಯಣಪ್ಪ. ನಮ್ಮ ಕಾಂಪೌಂಡಿಗೂ ಅವನ ಹೊಸ ಕಟ್ಟಡಕ್ಕೂ ನಡುವೆ ಇರುವ ನಾಲ್ಕಡಿ ಓಣಿ ತನ್ನ ಅಳತೆಯೊಳಗೆ ಬರುತ್ತದೆ ಅಂತ ಅವನ ವಾದ. ಆ ಓಣಿ ಹೋದರೆ ನಮ್ಮ ಮನೆಯ ಹಿಂದಿನ ನಾಲ್ಕು ರೂಮುಗಳವರಿಗೆ ರಸ್ತೆಗೆ ಬರಲು ಬೇರೆ ದಾರಿ ಇಲ್ಲ. ರೂಮುಗಳು ನಮ್ಮವು, ಮಾವನವರ ಕಾಲದವು. ಬಾಡಿಗೆಗಿರುವವರು ಕಲಬುರಗಿ ಕಡೆಯಿಂದ ದುಡಿಯಲು ಬಂದ ನಾಲ್ಕು ಸಂಸಾರ. ಅವರಿಗೂ ನಮಗೂ ನಡುವೆ ಆಳೆತ್ತರದ ಗೋಡೆ ನಾನೇ ಕಟ್ಟಿಸಿದ್ದು, ಯಾಕೆಂದರೆ ನಮ್ಮ ಕಾಂಪೌಂಡಿನೊಳಗೆ ಹತ್ತು ಜನ ಓಡಾಡುವುದು ನನಗೆ ಆಗುವುದಿಲ್ಲ. ಅವರ ದಾರಿ ಅವರಿಗೆ, ನಮ್ಮ ದಾರಿ ನಮಗೆ ಅಂತ ಇಷ್ಟು ವರ್ಷ ಚೆನ್ನಾಗಿಯೇ ನಡೆದಿತ್ತು.

ದಾವೆ ಮುಗಿಯುವವರೆಗೆ ಓಣಿಯಲ್ಲಿ ಯಾರೂ ಕಾಲಿಡದಂತೆ ತಡೆಯಾಜ್ಞೆ ಕೊಡಿ ಅಂತ ಅವನು ಬೇರೆ ಒಂದು ಅರ್ಜಿ ಹಾಕಿದ್ದಾನೆ. ಅದಕ್ಕೆ ನಮ್ಮ ತಕರಾರು ಸಲ್ಲಿಸಲು ನ್ಯಾಯಾಧೀಶರು ಹದಿನೈದು ದಿನ ಕೊಟ್ಟರು. ನಮ್ಮ ವಕೀಲ ವಕಾರ್, ಶಿವಾಜಿನಗರದಲ್ಲಿ ಆಫೀಸು ಇಟ್ಟುಕೊಂಡವನು, ಹೊರಗೆ ಬಂದ ತಕ್ಷಣ ಶುರುಮಾಡಿದ.

“ಮೇಡಮ್, ಹದಿನೈದೇ ದಿನ. ಹಳೇ ಪೇಪರ್ಸು, ಫೋಟೋ ಏನಿದ್ರೂ ತಗೊಂಡು ಬೇಗ ಆಫೀಸ್‌ಗೆ ಬಂದ್ಬಿಡಿ. ಡೇಟ್ ಬರ್ಕೊಳ್ಳಿ, ಲಾಸ್ಟು...”

“ನೋಡಿ ವಕಾರ್,” ಅಂತ ಅಲ್ಲಿಗೇ ತಡೆದೆ. “ಮೂವತ್ತೊಂದು ವರ್ಷ ಕಾರ್ಖಾನೆ ಟೈಮ್ ಆಫೀಸಲ್ಲಿ ಕೂತೋಳು ನಾನು. ಯಾರು ಬಂದ್ರು, ಯಾರು ಲೇಟು, ಯಾರಿಗೆ ಎಷ್ಟು ದಿನ ರಜ, ಎಲ್ಲ ನನ್ನ ಕೈಯಲ್ಲೇ ಹೋಗಿದ್ದು. ದಿನ ಎಣಿಸೋದನ್ನ ನನಗೆ ಹೇಳ್ಕೊಡ್ಬೇಡಿ.”

ಪಾಪ, ಫೈಲು ಎತ್ತಿಕೊಂಡು ಹೊರಟ.

ಮನೆಗೆ ಬಂದು ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನು ಹಿಡಿದು ಎಣಿಸಿದೆ. ಭಾನುವಾರಗಳು, ನಾಲ್ಕನೇ ಶನಿವಾರ, ದೀಪಾವಳಿಯ ಎರಡು ರಜೆ, ರಾಜ್ಯೋತ್ಸವ, ಇಷ್ಟನ್ನೂ ಹೊಡೆದುಹಾಕಿದರೆ ಹದಿನೈದನೇ ದಿನ ನವೆಂಬರ್ ಆರು ಬರುತ್ತದೆ. ಟೈಮ್ ಆಫೀಸಿನಲ್ಲಿ ನಾವು ಯಾವ ಗಡುವನ್ನೂ ಹೀಗೆಯೇ ಎಣಿಸುತ್ತಿದ್ದದ್ದು. ರಜೆಯನ್ನು ದಿನ ಅಂತ ಲೆಕ್ಕ ಹಾಕಿದ ಗುಮಾಸ್ತನನ್ನು ನಾನು ನಿಲ್ಲಿಸಿ ಬೈದದ್ದುಂಟು.

ಪಾತ್ರೆ ತೊಳೆಯುವ ಜಟ್ಟೆಮ್ಮ ಆರೂವರೆಗೆ ಬರಬೇಕಾದವಳು ಇವತ್ತು ಆರು ನಲವತ್ತೊಂದಕ್ಕೆ ಬಂದಳು. ಹಿಂದಿನ ಮೊದಲನೇ ರೂಮಿನವಳು, ಓಣಿ ದಾಟಿ ಮುಂದಿನ ಗೇಟಿಗೆ ಬರಲು ಇಪ್ಪತ್ತೇ ಹೆಜ್ಜೆ. ಅದಕ್ಕೂ ತಡ.

ಅಕ್ಟೋಬರ್ 22, ಬಲಿಪಾಡ್ಯಮಿ

ಮುನಿನಾರಾಯಣಪ್ಪನ ಮನೆಯಿಂದ ಸಿಹಿತಿಂಡಿಯ ಡಬ್ಬ ಬಂತು. ಕೋರ್ಟಿನಲ್ಲಿ ಕೇಸು, ಹಬ್ಬಕ್ಕೆ ಬಾದಾಮಿ ಬರ್ಫಿ! ವಾಪಸ್ ಕಳಿಸಲು ಡಬ್ಬ ತೆಗೆದುಕೊಂಡರೆ ಎರಡು ಕಡಿಮೆ. ನಮ್ಮ ಯಜಮಾನರು, ಯಜ್ಞನಾರಾಯಣ ಎಂಬ ಘನ ಹೆಸರಿನವರು, ವಿಮಾ ಕಂಪನಿಯಲ್ಲಿ ಆಫೀಸರಾಗಿ ನಿವೃತ್ತರಾದವರು, ಸೋಫಾದ ಮೇಲೆ ಕೂತು ಬಾಯಿ ಒರೆಸಿಕೊಳ್ಳುತ್ತಿದ್ದರು.

“ತಿಂಡಿ ಮೇಲೆ ಏನು ಕೋಪ ಕಣೇ,” ಅಂದರು.

ಉಳಿದದ್ದನ್ನು ಹಾಗೇ ವಾಪಸ್ ಕಳಿಸಿದೆ. ತಿಂದ ಎರಡನ್ನು ಕಳಿಸುವ ಹಾಗಿರಲಿಲ್ಲ.

ಹಳೆಯ ಟ್ರಂಕಿನಲ್ಲಿ ಪಂಚಾಯಿತಿ ಕಾಲದ ನಕ್ಷೆ ಸಿಕ್ಕಿತು. ಕಗ್ಗದಾಸಪುರ ಇನ್ನೂ ಹಳ್ಳಿಯಾಗಿದ್ದಾಗಿನದು. ಓಣಿ ಎರಡು ಗೆರೆಯಾಗಿ ಸ್ಪಷ್ಟವಾಗಿ ಇದೆ. ಗೃಹಪ್ರವೇಶದ ಒಂದು ಫೋಟೋದಲ್ಲೂ ಓಣಿಯ ತುಂಬ ಜನ ನಿಂತಿದ್ದಾರೆ. ಇವೆರಡನ್ನು ನೋಡಿದ ಮೇಲೆ ಯಾವ ಕೋರ್ಟೂ ಅವನ ಕಡೆ ಹೇಳಲಾರದು. ನಿಧಾನವಾಗಿ ಎಲ್ಲವನ್ನೂ ಒಂದು ಫೈಲಿಗೆ ಹಾಕುತ್ತೇನೆ, ಬೇಕಾದಷ್ಟು ಸಮಯ ಇದೆ.

ಜಟ್ಟೆಮ್ಮ: ಆರು ಮೂವತ್ತೆಂಟು. ಹಬ್ಬ ಅಂತ ಬಿಟ್ಟೆ.

ಅಕ್ಟೋಬರ್ 28, ಮಂಗಳವಾರ

ವಕಾರ್ ಫೋನು. “ಮೇಡಮ್, ಯಾವಾಗ ಬರ್ತೀರಾ? ದಿನ ಆಗೋಗ್ತಾ ಇದೆ...”

“ಇನ್ನೂ ಏಳು ದಿನ ಇದೆ. ನಿಮ್ಮ ಕೆಲಸ ನೀವು ನೋಡ್ಕೊಳ್ಳಿ, ನನ್ನ ಲೆಕ್ಕ ನನಗೆ ಗೊತ್ತು,” ಅಂದು ಇಟ್ಟುಬಿಟ್ಟೆ. ಅವನು ಇನ್ನೂ ಏನೋ ಹೇಳುತ್ತಿದ್ದ. ಈಗಿನ ಹುಡುಗರಿಗೆ ಎಲ್ಲದಕ್ಕೂ ಗಾಬರಿ.

ಅಕ್ಟೋಬರ್ 31, ಶುಕ್ರವಾರ

ನಿನ್ನೆ ಎರಡು ಸಲ, ಇವತ್ತು ಮೂರು ಸಲ ವಕಾರ್ ಫೋನು. ಎತ್ತಲಿಲ್ಲ. ನೆನಪಿಸಿ ನೆನಪಿಸಿ ಕೆಲಸ ಮಾಡಿಸಬೇಕಾದವಳಲ್ಲ ನಾನು. ಫೈಲು ಸಿದ್ಧವಾಗಿದೆ, ಆರನೇ ತಾರೀಕು ಬೆಳಿಗ್ಗೆ ಹೋಗಿ ಅವನ ಮೇಜಿನ ಮೇಲೆ ಇಡುತ್ತೇನೆ.

ನವೆಂಬರ್ 6, ಗುರುವಾರ

ಮುಗಿದುಹೋಗಿದೆ. ಅಕ್ಟೋಬರ್ ಮೂವತ್ತಕ್ಕೇ ಮುಗಿದಿತ್ತು.

ಇವತ್ತು ಇನ್ನೇನೂ ಬರೆಯುವುದಿಲ್ಲ.

ನವೆಂಬರ್ 7, ಶುಕ್ರವಾರ

ನಿನ್ನೆ ಬರೆಯಲಾಗದ್ದನ್ನು ಇವತ್ತು ಬರೆಯುತ್ತೇನೆ.

ಶಿವಾಜಿನಗರದ ಆ ಒಂದನೇ ಮಹಡಿಯ ಆಫೀಸಿಗೆ ಹತ್ತೂವರೆಗೆ ಹೋಗಿ, ಫೈಲನ್ನು ಮೇಜಿನ ಮೇಲೆ ಇಟ್ಟು, “ತಗೊಳ್ಳಿ, ಸರಿಯಾಗಿ ಹದಿನೈದನೇ ದಿನ,” ಅಂದೆ. ವಕಾರ್ ನನ್ನ ಮುಖವನ್ನೇ ನೋಡಿದ. ಕೆಳಗಿನ ಅಂಗಡಿಯಿಂದ ಚಹಾ ತರಿಸಿದ. ನಾನು ಅರ್ಧ ಕುಡಿದ ಮೇಲೆ ಹೇಳಿದ.

“ಮೇಡಮ್, ಕೋರ್ಟಲ್ಲಿ ಭಾನುವಾರಾನೂ ದಿನಾನೇ. ಕೊನೇ ದಿನ ರಜ ಬಿದ್ರೆ ಮಾತ್ರ ಮಾರನೇ ದಿನ. ಮಧ್ಯದ್ದೆಲ್ಲ ಲೆಕ್ಕಕ್ಕೆ ಬರುತ್ತೆ.”

ಮೂವತ್ತನೇ ತಾರೀಕು ಅವನು ಸಮಯ ಕೇಳಿದನಂತೆ. ಎದುರು ವಕೀಲರು ಒಪ್ಪಲಿಲ್ಲ, ನ್ಯಾಯಾಧೀಶರು ‘ತಕರಾರು ಸಲ್ಲಿಸಿಲ್ಲ’ ಅಂತ ಬರೆದು, ಅವರ ವಾದವನ್ನಷ್ಟೇ ಕೇಳಿ, ಆದೇಶಕ್ಕೆ ಹದಿನೇಳನೇ ತಾರೀಕು ಇಟ್ಟರು. ಅದನ್ನು ಹೇಳಲೆಂದೇ ಐದು ಸಲ ಫೋನು ಮಾಡಿದ್ದು.

ಈಗ ಉಳಿದಿರುವುದು ಒಂದೇ. ತಡವನ್ನು ಮನ್ನಿಸಿ ನಮ್ಮ ತಕರಾರು ತಗೊಳ್ಳಿ ಅಂತ ಅರ್ಜಿ ಹಾಕಬೇಕು. ತಡಕ್ಕೆ ಕಾರಣ ಕೊಟ್ಟು ಪ್ರಮಾಣ ಮಾಡಬೇಕು.

“ಕಾರಣ ಏನಂತ ಬರೀಲಿ?” ಅಂದ.

“ನಾನು ತಪ್ಪು ಎಣಿಸಿದೆ ಅಂತ.”

“ಅರೆ ಮೇಡಮ್, ಅದನ್ನ ಯಾರ್ ಕೇಳ್ತಾರೆ? ಜಾಂಡೀಸ್ ಹಾಕೋಣ. ಹದಿನೈದು ದಿನ ಬೆಡ್ ರೆಸ್ಟು. ಒಂದು ಸರ್ಟಿಫಿಕೇಟ್ ತಂದ್ಬಿಡಿ, ಕೆಲಸ ಆಗೋಗುತ್ತೆ. ಎಲ್ರೂ ಹಾಕೋದೇ.”

ನನಗೆ ಜಾಂಡೀಸ್! ಕಾಲು ಮುರಿದಿದೆ ಅಂತ ಸರ್ಟಿಫಿಕೇಟ್ ಕೊಟ್ಟು ಮೈದಾನದಲ್ಲಿ ಕಬಡ್ಡಿ ಆಡುತ್ತಿದ್ದವನನ್ನು ಕೈಯಾರೆ ಹಿಡಿದವಳು ನಾನು. ಅಂಥ ಸುಳ್ಳು ಚೀಟಿಗಳನ್ನು ಮೂಸಿ ನೋಡಿಯೇ ಹೇಳುತ್ತಿದ್ದೆ. ಈಗ ಅದೇ ಚೀಟಿ ಹಿಡಿದು ಕೋರ್ಟಿನಲ್ಲಿ ನಿಲ್ಲಬೇಕೆ? ಸಾಧ್ಯವೇ ಇಲ್ಲ ಅಂದೆ. ತಪ್ಪು ಮಾಡಿದ್ದೇನೆ, ತಪ್ಪು ಅಂತಲೇ ಬರೆಯಿರಿ ಅಂದೆ.

ಅವನು ತಲೆಯ ಮೇಲೆ ಕೈ ಇಟ್ಟುಕೊಂಡ.

ನವೆಂಬರ್ 8, ಶನಿವಾರ

ಬೆಳಿಗ್ಗೆಯಿಂದ ಇವರ ಜೊತೆ ಜಗಳ. ಕಮ್ಮನಹಳ್ಳಿಯಲ್ಲಿ ಇವರಿಗೆ ಪರಿಚಯದ ಡಾಕ್ಟರು ಇದ್ದಾರಂತೆ, ಹತ್ತು ನಿಮಿಷದ ಕೆಲಸವಂತೆ.

“ನನ್ನ ಜೀವಮಾನದಲ್ಲಿ ಒಂದು ಸುಳ್ಳು ಸಹಿ ಹಾಕಿಲ್ಲ. ಈಗ ಹಾಕಲ್ಲ,” ಅಂದೆ.

“ಸತ್ಯ ಹೇಳೋಕೆ ಅದೇನು ನೀನು ಓಡಾಡೋ ಓಣಿನಾ ಜಲಜಾ?” ಅಂದರು ಇವರು, ಪೇಪರು ಮಡಿಸಿಟ್ಟು. “ಓಡಾಡೋರು ಅವರು. ತಪ್ಪು ನಿಂದು, ಸತ್ಯಾನೂ ನಿಂದು, ಕಷ್ಟ ಮಾತ್ರ ಅವರದ್ದಾ?”

ನಲವತ್ತು ವರ್ಷದಲ್ಲಿ ಇವರು ಹೀಗೆ ಮಾತಾಡಿದ್ದು ನೆನಪಿಲ್ಲ. ಉತ್ತರ ಕೊಟ್ಟೆ, ಆದರೆ ಏನು ಕೊಟ್ಟೆ ಅಂತ ಈಗ ನೆನಪಾಗುತ್ತಿಲ್ಲ. ಜೋರಾಗಿ ಕೊಟ್ಟೆ, ಅಷ್ಟೇ.

ಮಧ್ಯಾಹ್ನ ಸುಮ್ಮನೆ ಮಲಗಿದ್ದಾಗ ಯಶೋದಮ್ಮ ನೆನಪಿಗೆ ಬಂದಳು. ಅಸೆಂಬ್ಲಿ ವಿಭಾಗದವಳು. ತಡವಾಗಿ ಬಂದವರು ರಿಜಿಸ್ಟರಿನಲ್ಲಿ ಕಾರಣ ಬರೆಯಬೇಕಿತ್ತು. ಎಲ್ಲರೂ ಬರೆಯುತ್ತಿದ್ದದ್ದು ‘ಬಸ್ಸು ತಡ’. ಅವಳು ಒಂದು ದಿನ ‘ನಿದ್ದೆ ಹೋಗಿಬಿಟ್ಟೆ’ ಅಂತ ಬರೆದಳು. ಬರೆದು, ನನ್ನ ಮುಖ ನೋಡಿ ನಿಂತಳು, ನಾನೇನೋ ಮೆಚ್ಚುತ್ತೇನೆ ಅನ್ನುವ ಹಾಗೆ. ಅರ್ಧ ದಿನ ಕತ್ತರಿಸಿದೆ. ನಿಯಮ ಅಂದರೆ ನಿಯಮ. ಈಗಲೂ ನಾನು ಮಾಡಿದ್ದು ಸರಿ ಅಂತಲೇ ಹೇಳುತ್ತೇನೆ. ಅವಳು ಆಮೇಲೆ ಯಾವತ್ತೂ ‘ಬಸ್ಸು ತಡ’ ಬಿಟ್ಟು ಬೇರೆ ಬರೆಯಲಿಲ್ಲ ಅನ್ನುವುದು ಬೇರೆ ವಿಷಯ.

ನವೆಂಬರ್ 10, ಸೋಮವಾರ

ಪಾತ್ರೆ ತೊಳೆಯುತ್ತಾ ಜಟ್ಟೆಮ್ಮ ಕೇಳಿದಳು. “ಅಮ್ಮಾರ, ನಮ್ಮ ಹಾದಿ ಬಂದ್ ಆಗ್ತದ ಅಂತ ಬಾಜೂಕಿನವ್ರು ಹೇಳ್ಲಿಕತ್ತಾರ. ಖರೇ ಏನ್ರಿ?”

“ಕೋರ್ಟು ಅಂದ್ರೆ ಹೀಗೇ, ಎಲ್ಲಾ ನಿಧಾನ,” ಅಂದುಬಿಟ್ಟೆ. ಸುಳ್ಳು ಚೀಟಿ ಬೇಡ ಅಂದವಳು ಅಡುಗೆಮನೆಯಲ್ಲಿ ನಿಂತು ಎಂಥ ಸುಳ್ಳು ಹೇಳಿದೆ!

ಸಂಜೆ ಅವಳು ಇಂದಿರಾನಗರದ ಅಪಾರ್ಟ್‌ಮೆಂಟಿನ ಕಸ ಗುಡಿಸುವ ಕೆಲಸ ಮುಗಿಸಿ ಬರುವ ಹೊತ್ತಿಗೆ ನಾನೇ ಓಣಿ ದಾಟಿ ಅವಳ ರೂಮಿಗೆ ಹೋದೆ. ಆ ಓಣಿಯಲ್ಲಿ ನಾನು ಕಾಲಿಟ್ಟು ಎಷ್ಟು ವರ್ಷವಾಗಿತ್ತೋ. ಅವಳ ಗಂಡ, ಗಾರೆ ಕೆಲಸದ ಮುತ್ತಣ್ಣ, ಎದ್ದು ನಿಂತು ಸ್ಟೂಲು ಕೊಟ್ಟ. ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. ದಿನ ತಪ್ಪು ಎಣಿಸಿದವಳು ನಾನು, ಫೋನು ಎತ್ತದವಳೂ ನಾನು, ಕೋರ್ಟಿನ ತಪ್ಪು ಏನೂ ಇಲ್ಲ ಅಂತ.

“ನೀವು ಓದಿದೋರು. ನಿಮಗೂ ತಪ್ತದೇನ್ರಿ?” ಅಂದಳು ಜಟ್ಟೆಮ್ಮ. ಚುಚ್ಚಲು ಕೇಳಿದ್ದಲ್ಲ, ನಿಜವಾಗಿಯೂ ಆಶ್ಚರ್ಯವಾಗಿತ್ತು ಅವಳಿಗೆ.

ಸರ್ಟಿಫಿಕೇಟಿನ ವಿಷಯವನ್ನೂ ಹೇಳಿದೆ. ನಾನು ಒಪ್ಪಲಿಲ್ಲ ಅಂತ ಸ್ವಲ್ಪ ಜಂಬದಿಂದಲೇ ಹೇಳಿದೆ ಅಂತ ಕಾಣುತ್ತದೆ.

“ಆ ಚೀಟಿ ತಂದ್ರ ಹಾದಿ ಉಳೀತದೇನ್ರಿ?”

“ಉಳೀಬಹುದು.”

“ಹಂಗಾದ್ರ ತರ್ರಿ ಅಮ್ಮಾರ.”

ಇಷ್ಟು ಸರಳವಾಗಿ ಹೇಳಿಬಿಟ್ಟಳು. ಮುತ್ತಣ್ಣ ನೆಲ ನೋಡುತ್ತಿದ್ದ. ಒಳಗೆ ಕುಕ್ಕರು ಕೂಗಿತು, ಅವಳು ಎದ್ದು ಹೋಗಿ ಒಲೆ ಆರಿಸಿ ಬಂದಳು.

“ತರಲ್ಲ ಜಟ್ಟೆಮ್ಮ. ನನ್ನ ಕೈಲಿ ಆಗಲ್ಲ,” ಅಂದೆ.

ಅವಳು ಕುಕ್ಕರಿನ ಮುಚ್ಚಳ ತೆಗೆಯಲು ಒಳಗೆ ಹೋದಳು. ನನಗೆ ಬೈದಿದ್ದರೆ ಚೆನ್ನಾಗಿತ್ತು.

ನವೆಂಬರ್ 13, ಗುರುವಾರ

ಅರ್ಜಿಯ ವಿಚಾರಣೆ. ಪ್ರಮಾಣಪತ್ರದಲ್ಲಿ ‘ವಕೀಲರು ಐದು ಸಲ ಫೋನು ಮಾಡಿದರೂ ಅಹಂಕಾರದಿಂದ ಎತ್ತಲಿಲ್ಲ’ ಅಂತ ನಾನೇ ಹೇಳಿ ಟೈಪು ಮಾಡಿಸಿದ್ದೆ. ಆ ಒಂದು ಸಾಲನ್ನಾದರೂ ತೆಗೆಯೋಣ ಅಂತ ವಕಾರ್ ಕೈಮುಗಿದು ಕೇಳಿದ. ತೆಗೆಯಲು ಬಿಡಲಿಲ್ಲ.

ಎದುರು ವಕೀಲರು ಅದನ್ನು ಓದಿ ನಕ್ಕರು. “ಮೂವತ್ತೊಂದು ವರ್ಷ ಟೈಮ್ ಆಫೀಸಿನಲ್ಲಿದ್ದವರಿಗೆ ಹದಿನೈದು ದಿನ ಎಣಿಸೋಕೆ ಬರಲಿಲ್ಲ ಅಂದ್ರೆ ಯಾರು ನಂಬ್ತಾರೆ ಸ್ವಾಮಿ? ಬೇಕೂಂತಲೇ ತಡ ಮಾಡಿದ್ದು ಇದು.”

ನ್ಯಾಯಾಧೀಶರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, ನೀವೇ ಏನಾದರೂ ಹೇಳುವುದಿದೆಯೇ ಅಂತ ಕೇಳಿದರು.

“ಇದೆ ಸ್ವಾಮಿ,” ಅಂದೆ. “ನಾನು ಕಾರ್ಖಾನೆ ಲೆಕ್ಕ ಹಾಕಿದೆ, ರಜ ಎಲ್ಲ ಬಿಟ್ಟು. ಕಾಯಿಲೆ ಗೀಯಿಲೆ ಏನೂ ಇರಲಿಲ್ಲ, ಕಲ್ಲುಗುಂಡಿನ ಹಾಗಿದ್ದೆ. ತಪ್ಪು ನಂದು. ಆದ್ರೆ ಓಣಿ ಅವನದ್ದಲ್ಲ, ಅದಕ್ಕೆ ನಕ್ಷೆ ಇದೆ, ಒಂದ್ಸಲ ನೋಡಿ.”

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನ್ಯಾಯಾಧೀಶರು ನಗಲಿಲ್ಲ, ಬರೆದುಕೊಂಡರು. ಈ ಅರ್ಜಿಗೂ ಹದಿನೇಳಕ್ಕೇ ಆದೇಶ.

ಮೆಟ್ರೋದಲ್ಲಿ ಹಲಸೂರು ದಾಟುವವರೆಗೂ ನಾನು ಸರಿ, ನಾನು ಸರಿ ಅಂತ ಹೇಳಿಕೊಂಡೆ. ಇಂದಿರಾನಗರ ಬಂದಾಗ ಜಟ್ಟೆಮ್ಮ ಇಲ್ಲೇ ಎಲ್ಲೋ ಗುಡಿಸುತ್ತಿರಬಹುದು ಅನ್ನಿಸಿತು, ಆಮೇಲೆ ಹೇಳಿಕೊಳ್ಳಲು ಆಗಲಿಲ್ಲ.

ನವೆಂಬರ್ 17, ಸೋಮವಾರ

ನಮ್ಮ ಅರ್ಜಿ ವಜಾ. ಅಲಕ್ಷ್ಯವು ತಡಕ್ಕೆ ತಕ್ಕ ಕಾರಣವಲ್ಲವಂತೆ. ದಾವೆ ಮುಗಿಯುವವರೆಗೆ ಓಣಿಯಲ್ಲಿ ನಾವಾಗಲಿ ನಮ್ಮ ಬಾಡಿಗೆಯವರಾಗಲಿ ಕಾಲಿಡಕೂಡದು.

ನ್ಯಾಯಾಧೀಶರ ಮೇಲೆ ನನಗೆ ಕೋಪ ಇಲ್ಲ. ಆ ಕುರ್ಚಿಯಲ್ಲಿ ಕೂತಿದ್ದರೆ ನಾನೂ ಅದನ್ನೇ ಬರೆಯುತ್ತಿದ್ದೆ. ಯಶೋದಮ್ಮನಿಗೆ ಬರೆದಿದ್ದೆನಲ್ಲ.

ವಕಾರ್ ಮೆಟ್ಟಿಲ ಮೇಲೆ ಕೂತುಬಿಟ್ಟ. “ಜಾಂಡೀಸ್ ಹಾಕಿದ್ರೆ ಸಿಕ್ಕಿರೋದು ಮೇಡಮ್,” ಅಂದ. ಅವನಿಗೆ ನಿಜವಾಗಿಯೂ ಬೇಸರವಾಗಿತ್ತು. ಅಪೀಲು ಹಾಕಬಹುದು, ತಿಂಗಳುಗಟ್ಟಲೆ ಹಿಡಿಯಬಹುದು ಅಂದ.

“ಹಾಕಿ. ದಿನ ಎಲ್ಲ ನೀವೇ ಎಣಿಸಿ. ಹತ್ತು ಸಲ ಬೇಕಾದ್ರೂ ಫೋನ್ ಮಾಡಿ, ಎತ್ತುತೀನಿ,” ಅಂದೆ.

ಮನೆಗೆ ಬಂದು ನೇರವಾಗಿ ಹಿಂದಿನ ರೂಮುಗಳಿಗೆ ಹೋಗಿ ಹೇಳಬೇಕಿತ್ತು. ಓಣಿಯಲ್ಲಿ ಹೋಗುವ ಹಾಗಿರಲಿಲ್ಲ. ನಮ್ಮ ಹಿತ್ತಿಲಿನ ಗೋಡೆಯ ಹತ್ತಿರ ನಿಂತು, ಕಾಣದ ಜಟ್ಟೆಮ್ಮನನ್ನು ಕೂಗಿ ಹೇಳಿದೆ. ಗೋಡೆಯ ಆ ಕಡೆಯಿಂದ “ಹೂಂರಿ” ಅಂತ ಒಂದೇ ಮಾತು ಬಂತು.

ನವೆಂಬರ್ 18, ಮಂಗಳವಾರ

ಇವತ್ತು ಬರೆಯುವುದು ಬಹಳ ಇದೆ.

ಬೆಳಿಗ್ಗೆ ಆರಕ್ಕೇ ಮುನಿನಾರಾಯಣಪ್ಪ ಓಣಿಯ ಬಾಯಿಗೆ ತಗಡಿನ ಬಾಗಿಲು ಕೂರಿಸಿ ಬೀಗ ಹಾಕಿಸಿದ. ಎಂಟಕ್ಕೆ ಹಿತ್ತಿಲಿನಲ್ಲಿ ಸದ್ದಾಯಿತು ಅಂತ ನೋಡಿದರೆ ಜಟ್ಟೆಮ್ಮ ನಮ್ಮ ಗೋಡೆಯ ಮೇಲೆ ಕೂತಿದ್ದಾಳೆ. ಸ್ಟೂಲು ಇಟ್ಟುಕೊಂಡು ಹತ್ತಿದವಳಿಗೆ ಈ ಕಡೆ ಇಳಿಯಲು ಗೊತ್ತಾಗುತ್ತಿಲ್ಲ. ಸೀರೆ ಹರಿದಿತ್ತು, ಮೊಣಕೈ ತರಚಿತ್ತು. ಇವರು ಓಡಿಹೋಗಿ ಕೈಕೊಟ್ಟು ಇಳಿಸಿದರು.

“ತಡಾ ಆಯ್ತರಿ ಅಮ್ಮಾರ,” ಅಂದಳು ನನ್ನನ್ನು ನೋಡಿ. ಆ ಸ್ಥಿತಿಯಲ್ಲೂ ಅದನ್ನೇ ಮೊದಲು ಹೇಳಬೇಕೆ ಇವಳು! ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ.

“ಪಾತ್ರೆ ಹಾಳಾಗ್ಲಿ. ಮುತ್ತಣ್ಣ ಮನೇಲಿದಾನಾ? ಹಾರೆ ತಗೊಂಡು ಬರೋಕೆ ಹೇಳು.”

“ಎಲ್ಲಿಂದ ಬರ್ಬೇಕ್ರಿ?”

“ಎಲ್ಲಿಂದಲೂ ಬರೋದು ಬೇಡ. ಅಲ್ಲೇ ನಿಂತ್ಕೊಂಡು ಈ ಗೋಡೆ ಒಡೀಲಿ.”

ಇವರು ನನ್ನ ಮುಖ ನೋಡಿ, ಒಳಗೆ ಹೋಗಿ, ಸ್ಕೂಟರಿನ ಕೀ ತಂದು, ಮನೆಯ ಪಕ್ಕದ ಜಾಗದಲ್ಲಿ ನಿಲ್ಲಿಸಿದ್ದ ತಮ್ಮ ಸ್ಕೂಟರನ್ನು ತಾವೇ ರಸ್ತೆಗೆ ತಳ್ಳಿಕೊಂಡು ಹೋದರು.

ಮುತ್ತಣ್ಣ ಮೊದಲ ಏಟು ಹಾಕುವ ಮುಂಚೆ ಗೋಡೆಯ ಆ ಕಡೆಯಿಂದ ಮೂರು ಸಲ ಕೇಳಿದ, ಖರೇ ಒಡೀಲೇನ್ರಿ ಅಂತ. ಮೂರು ಸಲವೂ ಹೂಂ ಅಂದೆ. ಒಳ್ಳೆ ಗಟ್ಟಿ ಗೋಡೆ, ನಾನೇ ನಿಂತು ಕಟ್ಟಿಸಿದ್ದು, ಒಂದೇ ಏಟಿಗೆ ಬೀಳಲಿಲ್ಲ. ಉಳಿದ ಮೂರು ರೂಮಿನ ಗಂಡಸರೂ ಕೈಹಾಕಿದರು. ಬಟ್ಟೆ ಒಗೆಯುವ ಕಲ್ಲನ್ನು ಪಕ್ಕಕ್ಕೆ ಉರುಳಿಸಿದರು. ಕರಿಬೇವಿನ ಗಿಡ ಅಡ್ಡ ಬಂತು, ಕಡಿಸಿದೆ. ಮಧ್ಯಾಹ್ನದ ಹೊತ್ತಿಗೆ ಹಿಂದಿನ ರೂಮಿನಿಂದ ನಮ್ಮ ಅಡುಗೆಮನೆ ಕಿಟಕಿಯ ಪಕ್ಕದಲ್ಲಿ ಹಾದು ಮುಂದಿನ ಗೇಟಿಗೆ ನೇರ ದಾರಿಯಾಯಿತು.

ಸದ್ದು ಕೇಳಿ ಮುನಿನಾರಾಯಣಪ್ಪ ಮಹಡಿಯ ಮೇಲೆ ಬಂದು ನಿಂತ. “ಏನ್ ಮೇಡಮ್ಮೋರೆ, ನಿಮ್ ಗೋಡೆನ ನೀವೇ ಒಡೀತಾ ಇದೀರಾ? ಕೇಸ್ ಸೋತಿದ್ದಕ್ಕಾ?”

“ಕೇಸಿನ್ನೂ ಮುಗ್ದಿಲ್ಲ ಮುನಿನಾರಾಯಣಪ್ಪ. ಓಣಿನ ನಾನು ಬಿಡಲ್ಲ. ಅಲ್ಲೀವರೆಗೆ ನನ್ನ ಮನೆ ಅಂಗಳದಲ್ಲಿ ನನ್ನ ಜನ ನಡೀತಾರೆ. ಇದಕ್ಕೆ ಯಾವ ಕೋರ್ಟಿಗೆ ಹೋಗ್ತೀಯೋ ಹೋಗು.”

ಏಕವಚನದಲ್ಲಿ ಅಂದದ್ದು ಆಮೇಲೆ ಗೊತ್ತಾಯಿತು. ಅಂದದ್ದಕ್ಕೆ ಬೇಸರವಿಲ್ಲ.

ನವೆಂಬರ್ 19, ಬುಧವಾರ

ಬೆಳಿಗ್ಗೆ ಐದರಿಂದ ಅಡುಗೆಮನೆ ಕಿಟಕಿಯ ಪಕ್ಕದಲ್ಲಿ ಜನ. ಚಪ್ಪಲಿ ಸದ್ದು, ಕೆಮ್ಮು, ನೀರಿನ ಕ್ಯಾನು ಉರುಳಿಸುವುದು, ಯಾರದ್ದೋ ಮೊಬೈಲಿನಲ್ಲಿ ಭಜನೆ. ಒಬ್ಬೊಬ್ಬರೂ ಒಳಗೆ ಬಗ್ಗಿ “ನಮಸ್ಕಾರ್ರೀ ಅಮ್ಮಾರ” ಅಂತ ಹೋಗುತ್ತಾರೆ. ಏಳು ಗಂಟೆಗೆ ಇಪ್ಪತ್ತು ನಮಸ್ಕಾರ ಆಗಿತ್ತು. ಹಾಲು ಉಕ್ಕಿಹೋಯಿತು. ನನಗೆ ಗಲಾಟೆ ಆಗುವುದಿಲ್ಲ, ಈಗಲೂ ಆಗುವುದಿಲ್ಲ. ಇವರು ಮಾತ್ರ ಕುರ್ಚಿ ತಂದು ಕಿಟಕಿಯ ಹೊರಗೆ ಹಾಕಿಕೊಂಡು, ಹೋಗಿಬರುವವರನ್ನೆಲ್ಲ ಮಾತಾಡಿಸುತ್ತಾ ಕೂತಿದ್ದಾರೆ.

ಸಂಜೆ ಜಟ್ಟೆಮ್ಮ ಬಂದು ಬಾಗಿಲಲ್ಲಿ ನಿಂತಳು. ಚೀಟಿ ತರಲ್ಲ ಅಂದ ದಿನದ ಮೇಲೆ, ಗೋಡೆ ಇಳಿದಾಗಿನ ಆ ಒಂದು ಮಾತು ಬಿಟ್ಟರೆ, ಅವಳಾಗಿ ಮಾತು ತೆಗೆದದ್ದು ಇವತ್ತೇ.

“ಅಮ್ಮಾರ, ಮುಂದಿನ ಗೇಟಿಗೆ ಎಷ್ಟೊತ್ತಿಗೆ ಕೀಲಿ ಹಾಕ್ತೀರ್ರಿ? ನಮ್ಮವ್ರಿಗೆ ಒಮ್ಮೊಮ್ಮೆ ಸೈಟಿನಾಗ ತಡಾ ಆಗ್ತದ. ಇಂಥಾ ಟೈಮಂತ ಹೇಳಿದ್ರ ಎಲ್ಲಾರಿಗೂ ಹೇಳಿ ಇಡ್ತೀನ್ರಿ.”

ಒಂಬತ್ತು ಅಂತ ಬಾಯಿಗೆ ಬಂದಿತ್ತು. ಒಂಬತ್ತೂವರೆ ಅನ್ನೋಣ ಅಂದುಕೊಂಡೆ. ಆಮೇಲೆ ಒಳಗೆ ಹೋಗಿ, ಮೊಳೆಗೆ ನೇತುಹಾಕಿದ್ದ ಬೀಗದ ಕೈ ತಂದು ಅವಳ ಕೈಗೆ ಹಾಕಿದೆ.

“ಎಲ್ಲರೂ ಬಂದ ಮೇಲೆ ನೀನೇ ಹಾಕ್ಕೋ,” ಅಂದೆ.

ಅವಳು ಕೈಯಲ್ಲಿದ್ದದ್ದನ್ನು ನೋಡಿದಳು, ನನ್ನನ್ನು ನೋಡಿದಳು. ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋದಳು.

“ಅದು ಒಂದೇ ಇದ್ದಿದ್ದು ಕಣೇ,” ಅಂದರು ಇವರು. “ನಾಳೆ ಬೆಳಿಗ್ಗೆ ನಾನು ವಾಕಿಂಗ್ ಹೋಗ್ಬೇಕಾದ್ರೆ?”

ಜಟ್ಟೆಮ್ಮನನ್ನು ಕೇಳಿ ಹೋಗಿ ಅಂದೆ.